ಆನೆಗೆ ಬುದ್ಧಿ 3

ಟೈರನೋಸಾರಸ್‌ನ ವರ್ಚಸ್ಸು 9, ಬೆಕ್ಕಿನದು 7, ಆನೆಯದು 6. ಇದು ನಾನು ಹೇಳಿದ್ದಲ್ಲ; 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟದ 2014ರ ಆವೃತ್ತಿಯಲ್ಲಿ ಅಚ್ಚಾಗಿರುವ ಲೆಕ್ಕ. 750 ಕೆ.ಜಿ.ಯ ಅಂಬಾರಿ ಹೊತ್ತು ಲಕ್ಷಾಂತರ ಜನರ ನಡುವೆ ಗಂಭೀರವಾಗಿ ನಡೆಯುವ ಪ್ರಾಣಿಗೆ ನಮ್ಮ ಅಡುಗೆಮನೆಯ ಕಳ್ಳಬೆಕ್ಕಿಗಿಂತ ಒಂದಂಕಿ ಕಡಿಮೆ ವರ್ಚಸ್ಸು! ಬುದ್ಧಿಯಲ್ಲಿ ಎರಡೂ ಸಮ, ತಲಾ 3. ಸಾಮಾನ್ಯ ಮನುಷ್ಯನಿಗೆ ಮಾತ್ರ ಬುದ್ಧಿ 10 ಎಂದು ಧಾರಾಳವಾಗಿ ಬರೆದಿದ್ದಾರೆ. ಬರೆದವರು ಮನುಷ್ಯರೇ ತಾನೆ.

ಈ ಆಟವನ್ನು ಬೇಸಿಗೆ ರಜೆಯಲ್ಲಿ ನಮ್ಮೂರು ಶಿರಂಗಾಲಕ್ಕೆ ಹೊತ್ತು ತಂದವನು ಬೆಂಗಳೂರಿನಲ್ಲಿ ಓದುವ ನನ್ನ ಅಕ್ಕನ ಮಗ. ಹುಲಿ-ಕುರಿ ಆಡಿ ಬೆಳೆದವನು ನಾನು. ಅಲ್ಲಿ 3 ಹುಲಿ, 15 ಕುರಿ. ಹುಲಿ ಹಾರಿ ತಿನ್ನುತ್ತದೆ, ಕುರಿ ಸುತ್ತುಗಟ್ಟುತ್ತದೆ, ಅಲ್ಲಿಗೆ ಮುಗಿಯಿತು. ಹುಲಿಯ ವಿವೇಕ ಎಷ್ಟು ಎಂದು ಯಾರೂ ಕೇಳಿದವರಿಲ್ಲ. ಇಲ್ಲಿ ಪ್ರತಿ ಪ್ರಾಣಿಗೂ ಬಲ, ಚುರುಕು, ಮೈಗಟ್ಟು, ಬುದ್ಧಿ, ವಿವೇಕ, ವರ್ಚಸ್ಸು ಅಂತ ಆರು ಅಂಕಿ. ಮೇಲೆ ಜೀವ ಎಷ್ಟು, ಚರ್ಮ ಎಷ್ಟು ಗಟ್ಟಿ ಎಂಬ ಬಾಬ್ತು ಬೇರೆ. ಆಟವನ್ನು ಹುಡುಗನಿಗೇ ಬಿಟ್ಟು ನಾನು ಅಂಕ ಕೊಡುವ ಕೆಲಸಕ್ಕೆ ಕೂತೆ. ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಕೂತ ಮೇಷ್ಟರಿಗೂ ಇಷ್ಟು ಠೀವಿ ಇರಲಿಕ್ಕಿಲ್ಲ. ಶುಂಠಿ ನಾಟಿಯನ್ನು ಮನೆಯಾಕೆ ಒಬ್ಬಳೇ ನೋಡಿಕೊಂಡಳು. ಹೇಗೆ ನೋಡಿಕೊಂಡಳು ಎಂಬುದನ್ನು ಪ್ರತಿ ರಾತ್ರಿ ಊಟಕ್ಕೆ ಬಡಿಸುವಾಗ ಸವಿಸ್ತಾರವಾಗಿ ತಿಳಿಸಿದಳು.

ಮೊದಲು ಶುರು ಮಾಡಿದ್ದು ಅಳಿದುಹೋದವುಗಳಿಂದ. ಕಛ್‌ನ ಪಾನಂಧ್ರೋ ಲಿಗ್ನೈಟ್ ಗಣಿಯಲ್ಲಿ ಸಿಕ್ಕ 27 ಬೆನ್ನುಮೂಳೆಗಳನ್ನು ನೋಡಿ 2024ರಲ್ಲಿ ವಿಜ್ಞಾನಿಗಳು 'ವಾಸುಕಿ ಇಂಡಿಕಸ್' ಎಂದು ಹೆಸರಿಟ್ಟರಲ್ಲ, ಆ ಹಾವಿಗೆ ನಾನು ಬಲ 24 ಕೊಟ್ಟೆ. 4 ಕೋಟಿ 70 ಲಕ್ಷ ವರ್ಷದ ಹಿಂದಿನದು, ಉದ್ದ 11ರಿಂದ 15 ಮೀಟರ್ ಇದ್ದೀತೆಂದು ಅಂದಾಜು. ಸಮುದ್ರ ಕಡೆದ ಹೆಸರಿನ ಗೌರವಕ್ಕೆ ಎರಡಂಕ ಕೃಪಾಂಕ ಸೇರಿಸಿದೆ. ನರ್ಮದಾ ಕಣಿವೆಯ ರಾಜಾಸಾರಸ್‌ಗೆ ನೆತ್ತಿಯ ಕೊಂಬಿನ ಲೆಕ್ಕದಲ್ಲಿ ವರ್ಚಸ್ಸು ಹೆಚ್ಚಿಸಿದೆ. ಗಂಡಭೇರುಂಡಕ್ಕೆ ಎರಡು ತಲೆ. ಬುದ್ಧಿಯನ್ನು ಕೂಡಿಸಬೇಕೋ ಭಾಗಿಸಬೇಕೋ ಎಂಬಲ್ಲಿ ಕೊಂಚ ತಡವಾಯಿತು. ಇದ್ಯಾವುದಕ್ಕೂ ಹುಡುಗ ತಕರಾರು ತೆಗೆಯಲಿಲ್ಲ. ಆಟ ಕಟ್ಟಿದವರಲ್ಲಿ ಒಬ್ಬನಾದ ಗ್ಯಾರಿ ಗೈಗ್ಯಾಕ್ಸ್‌ನೇ ಹಾಂಗ್‌ಕಾಂಗ್‌ನ ಅಗ್ಗದ ಪ್ಲಾಸ್ಟಿಕ್ ಬೊಂಬೆಗಳನ್ನು ನೋಡಿ ಕಬ್ಬಿಣ ತಿನ್ನುವ ಪ್ರಾಣಿಯನ್ನು ಹುಟ್ಟಿಸಿದ್ದನಂತೆ. ಸತ್ತ ಪ್ರಾಣಿಗೆ, ಇಲ್ಲದ ಪ್ರಾಣಿಗೆ ಅಂಕ ಕೊಡುವುದು ಸುಲಭ. ಅವು ಯಾರ ಬಾಳೆಯನ್ನೂ ಮುರಿದಿಲ್ಲವಾದ್ದರಿಂದ ಆಕ್ಷೇಪಣೆ ಬರುವುದಿಲ್ಲ.

ಆಕ್ಷೇಪಣೆ ಬಂದದ್ದು ಆನೆಗೆ. ಅದೂ ಪಕ್ಕದ ಮನೆಯ ದೊಡ್ಡಪ್ಪನಿಂದ.

ಜಗಲಿಯಲ್ಲಿ ಹರಡಿದ್ದ ಹಾಳೆಗಳನ್ನು ನೋಡಿ ಅವರು ಇದು ಬೆಳೆಹಾನಿ ಪರಿಹಾರದ ಸರ್ವೆ ಎಂದೇ ತಿಳಿದು ಪಂಚೆ ಸರಿಮಾಡಿಕೊಂಡು ಕೂತರು. ಆಟ ಎಂದು ಬಿಡಿಸಿ ಹೇಳಿದೆ. 'ಸರ್ವೇನೂ ಅಷ್ಟೇ ಬಿಡು' ಅಂದರು. ಹುಡುಗ ನಿಯಮ ವಿವರಿಸಿದ: ಆನೆಯ ಬುದ್ಧಿ 3, ಹಾಗಾಗಿ ಬಿದ್ದ ದಾಳದಲ್ಲಿ 4 ಕಳೆಯಬೇಕು. ಸೋಲಾರ್ ಬೇಲಿಗೆ ಉಪಾಯ ಹುಡುಕಲು 15 ಬೇಕು. ಅಂದರೆ 20 ಮುಖದ ದಾಳದಲ್ಲಿ 19 ಅಥವಾ 20 ಬಿದ್ದರಷ್ಟೇ ಬೇಲಿ ಮುರಿದಂತೆ.

ದಾಳ ಉರುಳಿತು. 7.

'ಆನೆ ವಾಪಸ್ ಕಾಡಿಗೆ ಹೋಯ್ತು ತಾತ.'

'ಎಲ್ಲಿಗೆ ಹೋಯ್ತು? ಒಣಗಿದ ದಿಮ್ಮಿ ತರಕ್ಕೆ ಹೋಗದೆ. ತಂದು ತಂತಿ ಮೇಲೆ ಹಾಕ್ತದೆ. ಇನ್ನೊಂದ್ಸಲ ಎಸಿ.'

12. ದಿಮ್ಮಿ ಬೀಳಲಿಲ್ಲ.

'ಹಂಗಾದ್ರೆ ಅದು ಕೊಂಬಾನೆ. ಕೊಂಬಲ್ಲಿ ತಂತಿ ಎತ್ತಿ ಕೀಳ್ತದೆ. ಕೊಂಬಿಗೆ ಕರೆಂಟ್ ಹೊಡೆಯಲ್ಲ.'

5.

ದೊಡ್ಡಪ್ಪ ದಾಳವನ್ನು ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. 'ಗೇಟು ಎಲ್ಲದೆ?'

'ಆಟದಲ್ಲಿ ಗೇಟಿಲ್ಲ ತಾತ.'

'ಗೇಟಿಲ್ದೆ ನೀನು ಗದ್ದೆಗೆ ಹೆಂಗೆ ಹೋಗ್ತೀಯ?'

ಹುಡುಗ ಪುಸ್ತಕ ತಿರುವಿದ. ನಾನೂ ತಿರುವಿದೆ. ಗದ್ದೆಗೆ ರೈತ ಹೇಗೆ ಹೋಗುತ್ತಾನೆ ಎಂಬುದು ಅಷ್ಟು ದಪ್ಪ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ.

'ನೀನು ಹೋಗೋ ದಾರೀಲೇ ಅದೂ ಬರ್ತದೆ ಮಗಾ. ಬೇಲಿ ಯಾಕೆ ಮುರೀತದೆ?'

ದಾಳ ಹಾಕದೆಯೇ ಆನೆ ಒಳಗೆ ಬಂತು. ಬುದ್ಧಿಯ 3 ಹೊಡೆದುಹಾಕಿ 10 ಮಾಡಿದೆವು. ದೊಡ್ಡಪ್ಪ ಒಪ್ಪಲಿಲ್ಲ, 14ಕ್ಕೆ ಏರಿಸಿದೆವು. ಯಾರ ತೋಟದ ಯಾವ ಹಲಸು ಯಾವ ವಾರ ಹಣ್ಣಾಗುತ್ತದೆ ಎಂದು ತಿಳಿದಿಟ್ಟುಕೊಳ್ಳುವುದಕ್ಕೆ 'ನೆನಪು' ಅಂತ ಬೇರೆಯೇ ಕಾಲಂ ಬೇಕೆಂದರು. ಹಾಕಿದೆವು. ಮರಿ ಜೊತೆಗಿದ್ದರೆ, ಮದ ಬಂದಿದ್ದರೆ, ಪಟಾಕಿಗೆ ಹೆದರುವುದು ಬಿಟ್ಟಿದ್ದರೆ ಎಂದು ಹಾಳೆಯ ಅಂಚು ತುಂಬಿತು. ವಾಸುಕಿಗೆ ಅರ್ಧ ಪುಟ ಸಾಕಾಗಿತ್ತು. ಆನೆಗೆ ನಾಲ್ಕೂ ಸಾಲಲಿಲ್ಲ.

ಹುರುಪಿನಲ್ಲಿ ಹುಡುಗ, 'ಅರ್ಜುನನಿಗೂ ಬರೆಯೋಣ ಮಾವ' ಅಂದ. ಎಂಟು ಸಲ ಅಂಬಾರಿ ಹೊತ್ತ ಆನೆ ಅವನು. 2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರಿನ ಬಳಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸಲಗವೊಂದರ ಜೊತೆ ಕಾದಾಡಿ ಸತ್ತವನು. ಪುಸ್ತಕದ ಪ್ರಕಾರ ಆನೆಯ ಜೀವ 76; ಸೊನ್ನೆಗಿಳಿದರೂ ಮುಂದಿನ ಆಟಕ್ಕೆ ಮತ್ತೆ 76. 'ಅವನ ಹೆಸರಲ್ಲಿ ಬ್ಯಾಡ' ಅಂದರು ದೊಡ್ಡಪ್ಪ. ಬರೆದಿದ್ದ ಹೆಸರನ್ನು ಹುಡುಗ ರಬ್ಬರಿನಿಂದ ಉಜ್ಜಿದ. ಸಾಮಾನ್ಯ ಮನುಷ್ಯನ ಜೀವ ಅದೇ ಪುಸ್ತಕದಲ್ಲಿ 4. ಬೆಳಿಗ್ಗೆ ಕಾಫಿ ತೋಟದ ಕೆಲಸಕ್ಕೆ ಹೊರಟವರು ಆನೆಯ ಕಾಲಿಗೆ ಸಿಕ್ಕಿ ಮನೆಗೆ ಮರಳದ ಜಿಲ್ಲೆ ಇದು. ಆ ಒಂದು ಅಂಕಿಯನ್ನು ಮಾತ್ರ ತಿದ್ದೋಣ ಎಂದು ನಮಗೆ ಯಾರಿಗೂ ಅನ್ನಿಸಲಿಲ್ಲ.

ಕಾಫಿ ಬಂತು. ಮನೆಯಾಕೆ ಲೋಟಗಳನ್ನು ರಾಜಾಸಾರಸ್‌ನ ಮೇಲೇ ಇಟ್ಟು ಹೋದಳು.

'ಮನುಷ್ಯರಿಗೂ ಬರೀತೀರಾ?' ಎಂದರು ದೊಡ್ಡಪ್ಪ. ಹೌದು ಅಂದೆ. ಅಟ್ಟಣೆ ಮೇಲೆ ಕೂತು, ಟಿನ್ನು ಬಡಿದು, ಎಷ್ಟೋ ಸುಗ್ಗಿ ಕಾದ ಮನುಷ್ಯ. ಬಲ 10, ಚುರುಕು 10, ಬುದ್ಧಿ 10 ಎಂಬ ಸರಕಾರಿ ದರ ಅವರಿಗೆ ಹಿಡಿಸಲಿಲ್ಲ. ಹಾಳೆಯನ್ನು ಎಳೆದುಕೊಂಡು ಬಹಳ ಹೊತ್ತು ನೋಡಿದರು.

'ಈ ಬುದ್ಧೀಲಿ ಒಂದು ನಾಲ್ಕು ತೆಗಿ ಮಗಾ. ತೆಗೆದು ಮಂಡಿಗೆ ಹಾಕು.'