ಮುಖ ನೋಡಿದ್ದರೆ ಕೆಲಸವಿಲ್ಲ

ಇಟಲಿಯಲ್ಲಿ ಕಲ್ಲಂಗಡಿ ಕೊಯ್ಯುವ ಆಳಾಗಿ ಸಕ್ರಮವಾಗಿ ಸೇರಬೇಕೆಂದರೆ ಭಾರತೀಯನೊಬ್ಬನಿಗೆ ಇರಬೇಕಾದ ಮೊದಲ ಅರ್ಹತೆ, ಅವನು ಇಟಲಿಯಲ್ಲಿ ಇರಬಾರದು. ಎರಡನೆಯದು, ಅವನನ್ನು ಕರೆಸಿಕೊಳ್ಳುವ ಜಮೀನುದಾರ ಅವನ ಮುಖ ನೋಡಿರಬೇಕಾಗಿಲ್ಲ. ನೋಡದಿದ್ದರೆ ಇನ್ನೂ ಒಳ್ಳೆಯದು. ಕೊಯ್ಯಲು ಬರುತ್ತದೋ ಇಲ್ಲವೋ ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಅದು ಅವನಿಗೂ ಕಲ್ಲಂಗಡಿಗೂ ಬಿಟ್ಟ ವಿಚಾರ.

ರೋಮ್‌ನಿಂದ ದಕ್ಷಿಣಕ್ಕಿರುವ ಲಾಟಿನಾ ಜಿಲ್ಲೆಯನ್ನೇ ನೋಡಿ. ಕಿವಿ ಹಣ್ಣು, ಮೂಲಂಗಿ, ಟೊಮೆಟೊ, ಪ್ಲಾಸ್ಟಿಕ್ ಹೊದ್ದ ಹಸಿರುಮನೆಗಳ ಸಾಲು. ಬೆಳಕು ಹರಿಯುವ ಮುಂಚೆ ಆ ರಸ್ತೆಗಳಲ್ಲಿ ಪೇಟ ಸುತ್ತಿದ ಪಂಜಾಬಿಗಳು ಸೈಕಲ್ ತುಳಿದುಕೊಂಡು ಹೊಲಕ್ಕೆ ಹೋಗುತ್ತಾರೆ. ಕೆಲವರ ಹತ್ತಿರ ಕಾಗದವಿದೆ, ಕೆಲವರ ಹತ್ತಿರ ಇಲ್ಲ. ಕಾಗದವಿಲ್ಲದವನೊಬ್ಬ ಮೂರು ಸುಗ್ಗಿಯಿಂದ ಒಂದೇ ತೋಟದಲ್ಲಿ ದುಡಿಯುತ್ತಿದ್ದಾನೆ ಎನ್ನೋಣ. ಯಾವ ಗಿಡಕ್ಕೆ ಎಷ್ಟು ನೀರು, ಯಾವ ಪಂಪು ಯಾವಾಗ ಕೈಕೊಡುತ್ತದೆ, ಎಲ್ಲವೂ ಅವನಿಗೆ ಗೊತ್ತು. ಮಾಲೀಕನಿಗೂ ಅಪರೂಪಕ್ಕೆ ಮನಸ್ಸು ಕರಗಿ, ಇವನನ್ನು ಸಕ್ರಮವಾಗಿಯೇ ಇಟ್ಟುಕೊಳ್ಳೋಣ ಅನ್ನಿಸಿತು. ಆಗ ಕಾನೂನು ಅಡ್ಡ ಬರುತ್ತದೆ: ಇವನು ಇಲ್ಲೇ ಇದ್ದಾನಲ್ಲ, ಹಾಗಾಗಿ ಆಗುವುದಿಲ್ಲ. ಬೇಕಾಗಿರುವುದು ಹೊರದೇಶದಲ್ಲಿ ಕೂತು ಕರೆಗಾಗಿ ಕಾಯುತ್ತಿರುವವನು.

ಇದಕ್ಕೆ ಜನ ಕಂಡುಕೊಂಡ ಹಾದಿ ಸರಳ. ಆಳು ಸದ್ದಿಲ್ಲದೆ ಜಲಂಧರಕ್ಕೆ ವಾಪಸು ಹೋಗಬೇಕು. ಗಡಿಯಲ್ಲಿ ಸಿಕ್ಕಿಬಿದ್ದರೆ ಮತ್ತೆ ಕಾಲಿಡದಂತೆ ನಿಷೇಧ ಬೀಳಬಹುದು, ಆದ್ದರಿಂದ ಆದಷ್ಟು ಸದ್ದಿಲ್ಲದೆ. ಅಲ್ಲಿಂದ ಅವನನ್ನು ಮಾಲೀಕ, ಎಂದೂ ಕಂಡಿರದವನಂತೆ, ‘ಕರೆಸಿಕೊಳ್ಳಬೇಕು’. ಇಬ್ಬರೂ ಅಪರಿಚಿತರಂತೆ ನಟಿಸಬೇಕು. ಇಡೀ ಜಿಲ್ಲೆಗೆ ಗೊತ್ತಿರುವ ಈ ಗುಟ್ಟು ಗೊತ್ತಿಲ್ಲದಂತೆ ಇರಬೇಕಾದದ್ದು ಸರ್ಕಾರಿ ಕಡತವೊಂದೇ.

ಈ ಕರೆಸಿಕೊಳ್ಳುವಿಕೆಯ ಮೂಲ 1998ರ ವಲಸೆ ಸಂಹಿತೆಯಲ್ಲಿದೆ. 2002ರಲ್ಲಿ ಉಂಬೆರ್ತೊ ಬೊಸ್ಸಿ ಮತ್ತು ಜಾನ್‌ಫ್ರಾಂಕೊ ಫೀನಿ ಎಂಬ ಇಬ್ಬರು ನಾಯಕರ ಹೆಸರಿನ ಕಾಯ್ದೆ ಅದನ್ನು ಇನ್ನಷ್ಟು ಬಿಗಿ ಮಾಡಿತು. ಕೆಲಸದ ಒಪ್ಪಂದವಿದ್ದರೆ ವಾಸದ ಪರವಾನಗಿ, ಪರವಾನಗಿ ಇದ್ದರೆ ಕೆಲಸ. ಮೊದಲು ಯಾವುದು ಎಂದು ಕೇಳುವವರಿಗೆ ಪರದೇಶಿಯ ಸಮಸ್ಯೆ ಅರ್ಥವಾಗಿಲ್ಲ ಎಂದು ತಿಳಿಯಬೇಕು. ಸರ್ಕಾರ ‘ದೆಕ್ರೇತೊ ಫ್ಲುಸ್ಸಿ’ ಎಂಬ ಆದೇಶ ಹೊರಡಿಸಿ ಇಂತಿಷ್ಟು ಆಳುಗಳು ಎಂದು ಕೋಟಾ ಗೊತ್ತುಮಾಡುತ್ತದೆ. ಆಮೇಲೆ ಒಂದು ದಿನ ಬೆಳಿಗ್ಗೆ ಒಂಬತ್ತಕ್ಕೆ ಗೃಹ ಇಲಾಖೆಯ ಪೋರ್ಟಲ್ ತೆರೆದುಕೊಳ್ಳುತ್ತದೆ. ಅದರ ಹೆಸರೇ ‘ಕ್ಲಿಕ್ ಡೇ’. 2025ರಲ್ಲಿ ಸುಗ್ಗಿಯಾಳುಗಳ ಸರದಿ ಫೆಬ್ರವರಿ 12ರಂದು ಬಂತು. ಹತ್ತು ಗಂಟೆಯ ತತ್ಕಾಲ್ ಟಿಕೆಟ್ಟಿಗೆ ಉಸಿರು ಬಿಗಿಹಿಡಿದು ಕೂತವರಿಗೆ ಉಳಿದದ್ದನ್ನು ವಿವರಿಸಬೇಕಿಲ್ಲ. ವ್ಯತ್ಯಾಸ ಇಷ್ಟೆ: ತತ್ಕಾಲ್‌ನಲ್ಲಿ ಟಿಕೆಟ್ ಸಿಗದಿದ್ದರೆ ಬಸ್ಸಿದೆ. ಒಬ್ಬ ಮನುಷ್ಯ ಮುಂದಿನ ಒಂದು ವರ್ಷ ಕಳ್ಳನೋ ಕೂಲಿಯೋ ಎಂಬುದನ್ನು ಇಲ್ಲಿ ಯಾರದೋ ಮನೆಯ ಇಂಟರ್ನೆಟ್ ವೇಗ ತೀರ್ಮಾನಿಸುತ್ತದೆ.

ಕಾಗದದ ಮೇಲೆ ಈ ಕಾನೂನು ಬಹಳ ಸಭ್ಯ. ಸುಗ್ಗಿಯಾಳಿನ ಪರವಾನಗಿಗೆ ಕನಿಷ್ಠ 20 ದಿನ, ಹೆಚ್ಚೆಂದರೆ ಹನ್ನೆರಡು ತಿಂಗಳಲ್ಲಿ ಒಂಬತ್ತು ತಿಂಗಳು. ಮಾಲೀಕ ವಾಸಯೋಗ್ಯ ಮನೆ ತೋರಿಸಬೇಕು. ಬಾಡಿಗೆ ಕೂಲಿಯ ಮೂರನೇ ಒಂದು ಭಾಗವನ್ನು ಮೀರಬಾರದು. ಅದನ್ನು ಕೂಲಿಯಿಂದ ತಾನಾಗಿ ಮುರಿದುಕೊಳ್ಳಲೂ ಬಾರದು. ಓದುತ್ತ ಹೋದರೆ ಕಣ್ಣು ತುಂಬಿಬರುತ್ತದೆ. ಹಸಿರುಮನೆಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿ ಮಲಗುವವರು ಇದನ್ನು ಓದಿಲ್ಲದಿರುವುದು ಅವರ ದುರದೃಷ್ಟ. ಇಟಾಲಿಯನ್ ಕಲಿತಿದ್ದರೆ ಓದಿ ಸಂತೋಷಪಡಬಹುದಿತ್ತು.

ಅನುಮತಿ ಸಿಕ್ಕಿ, ದೂತಾವಾಸ ವೀಸಾ ಕೊಟ್ಟು, ವಿಮಾನ ಇಳಿದ ಮೇಲೆ ಕೆಲವೇ ದಿನಗಳ ಗಡುವು. ಅಷ್ಟರಲ್ಲಿ ಮಾಲೀಕನೂ ಆಳೂ ಒಪ್ಪಂದಕ್ಕೆ ಸಹಿ ಹಾಕಬೇಕು. ಆಮೇಲೆ ಅಂಚೆ ಕಚೇರಿಯಿಂದ ಹಳದಿ ಪಟ್ಟಿಯ ಲಕೋಟೆ, 16 ಯೂರೋಗಳ ಸ್ಟಾಂಪು, ಪೊಲೀಸ್ ಕಚೇರಿಯಲ್ಲಿ ಬೆರಳಚ್ಚು. ಪರವಾನಗಿ ಕಾರ್ಡು ಎಷ್ಟೋ ಸಲ ಸುಗ್ಗಿ ಮುಗಿಯುವ ಹೊತ್ತಿಗೆ ಕೈಸೇರುತ್ತದೆ. ಅಲ್ಲಿಯವರೆಗೆ ಅಂಚೆಯವರು ಕೊಟ್ಟ ರಸೀದಿಯೇ ಅವನ ಅಸ್ತಿತ್ವ. ಹೊಲದಲ್ಲಿ ಬೆವರಿಗೆ ಒದ್ದೆಯಾಗದಂತೆ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟುಕೊಳ್ಳಬೇಕು.

ಈಗ ಇದರ ರಾಜಕೀಯಕ್ಕೆ ಬರೋಣ. ಅದು ಇನ್ನೂ ರುಚಿ. ಸಮುದ್ರಕ್ಕೆ ನೌಕಾಪಡೆಯನ್ನು ಅಡ್ಡ ನಿಲ್ಲಿಸಿ ವಲಸಿಗರನ್ನು ತಡೆಯುತ್ತೇವೆ ಎಂದು ಪ್ರಚಾರ ಮಾಡಿ 2022ರಲ್ಲಿ ಅಧಿಕಾರಕ್ಕೆ ಬಂದವರು ಜಾರ್ಜಾ ಮೆಲೊನಿ. ಬಂದವರೇ ಕೋಟಾ ಎಷ್ಟು ಇಟ್ಟರು ಗೊತ್ತೇ? 2023ಕ್ಕೆ 1,36,000, 2024ಕ್ಕೆ 1,51,000, 2025ಕ್ಕೆ 1,65,000. ಮೂರು ವರ್ಷಕ್ಕೆ ಒಟ್ಟು 4,52,000. ಭಾಷಣಕ್ಕೆ ಒಂದು ಲೆಕ್ಕ, ಬೆಳೆಗೆ ಇನ್ನೊಂದು. ಭಾಷಣ ಕೇಳುವವರು ಓಟು ಹಾಕುತ್ತಾರೆ; ಟೊಮೆಟೊ ಓಟು ಹಾಕುವುದಿಲ್ಲ, ಆದರೆ ಕೀಳದಿದ್ದರೆ ಕೊಳೆಯುತ್ತದೆ. ದೋಣಿಯಲ್ಲಿ ಬಂದವನು ಆಕ್ರಮಣಕಾರ, ಪೋರ್ಟಲ್‌ನಲ್ಲಿ ಬಂದವನು ಆರ್ಥಿಕ ಅಗತ್ಯ. ಹೊಲಕ್ಕೆ ಇಳಿದ ಮೇಲೆ ಇಬ್ಬರ ಬೆನ್ನೂ ಒಂದೇ ಕೋನದಲ್ಲಿ ಬಾಗುತ್ತದೆ.

2024ರ ಜೂನ್‌ನಲ್ಲಿ ಪ್ರಧಾನಿಗೆ ಒಂದು ಆಶ್ಚರ್ಯ ಕಾದಿತ್ತು. ಹಿಂದಿನ ವರ್ಷ ಸುಗ್ಗಿಯಾಳುಗಳಿಗಾಗಿ ಬಂದ 2,82,000 ಅರ್ಜಿಗಳಲ್ಲಿ 1,57,000 ಅರ್ಜಿ ನೇಪಲ್ಸ್ ಇರುವ ಕಂಪಾನಿಯಾ ಎಂಬ ಒಂದೇ ಪ್ರಾಂತ್ಯದಿಂದ ಬಂದಿದ್ದವು. ಹೊಲಗಳು ಅದಕ್ಕಿಂತ ಎಷ್ಟೋ ಹೆಚ್ಚಿರುವ ಪೂಲ್ಯಾದಿಂದ ಬಂದದ್ದು 20,000. ಕಂಪಾನಿಯಾದ ಹೆಸರಿನಲ್ಲಿ ವೀಸಾ ಪಡೆದು ಬಂದವರಲ್ಲಿ ಕೆಲಸದ ಒಪ್ಪಂದಕ್ಕೆ ಸಹಿ ಹಾಕಿದವರು ನೂರಕ್ಕೆ ಮೂರು ಜನರೂ ಇಲ್ಲ. ಮೆಲೊನಿ ಈ ಲೆಕ್ಕವನ್ನು ಹೊತ್ತುಕೊಂಡು ರಾಷ್ಟ್ರೀಯ ಮಾಫಿಯಾ ನಿಗ್ರಹ ಪ್ರಾಸಿಕ್ಯೂಟರ್ ಬಳಿ ದೂರು ಕೊಟ್ಟರು. ವ್ಯವಸ್ಥೆಯೊಳಕ್ಕೆ ಅಪರಾಧಿಗಳು ನುಸುಳಿದ್ದಾರೆ ಎಂಬುದು ದೂರಿನ ಸಾರ. ನುಸುಳುವುದೇಕೆ? ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆರೆದಿಟ್ಟು, ಮೊದಲು ಬಂದವರಿಗೆ ಮೊದಲು ಎಂದು ಬೋರ್ಡು ಹಾಕಿದ ಮೇಲೆ ಅವರು ಶಿಸ್ತಾಗಿ ಸರದಿಯಲ್ಲಿ ನಿಂತೇ ಬಂದಿದ್ದಾರೆ. ಸರದಿಯಲ್ಲಿ ನಿಲ್ಲುವುದರಲ್ಲಿ ಪ್ರಾಮಾಣಿಕರಿಗಿಂತ ಅವರೇ ಮುಂದು.

ಅವರು ಹೀಗೆ ಗಿಟ್ಟಿಸಿದ ಅನುಮತಿ ಪತ್ರಗಳನ್ನು ಕೊಳ್ಳುವವರು ಇರುವುದು ನಮ್ಮ ಕಡೆ. 2023ರ ನವೆಂಬರ್ 2ರಂದು ರೋಮ್‌ನಲ್ಲಿ ನಮ್ಮ ವಿದೇಶಾಂಗ ಸಚಿವ ಜೈಶಂಕರ್ ಮತ್ತು ಇಟಲಿಯ ಆಂತೋನಿಯೊ ತಯಾನಿ ವಲಸೆ ಮತ್ತು ಸಂಚಾರದ ಒಪ್ಪಂದಕ್ಕೆ ಸಹಿ ಹಾಕಿದರು. ಭಾರತದ ಸುಗ್ಗಿಯಾಳುಗಳಿಗೂ ಅದರಲ್ಲಿ ಸಾವಿರಗಳ ಲೆಕ್ಕದ ಪಾಲು ಸಿಕ್ಕಿತು. ನಮ್ಮ 1983ರ ವಲಸೆ ಕಾಯ್ದೆಯ ಪ್ರಕಾರ ಲೈಸೆನ್ಸ್ ಇರುವ ಏಜೆಂಟು ಮಾತ್ರ ಆಳು ಕಳಿಸಬಹುದು. ಅವನು ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಪಂಜಾಬಿನ ಯಾವ ಹಳ್ಳಿಯಲ್ಲಾದರೂ ಈ ಮೊತ್ತ ಹೇಳಿ ನೋಡಿ, ಮುಂಗಡವೋ ಎಂದು ಕೇಳುತ್ತಾರೆ. ಅಲ್ಲಿ ಮಾತು ಶುರುವಾಗುವುದೇ ಲಕ್ಷಗಳಲ್ಲಿ. ಎರಡು ಎಕರೆ ಗೋಧಿ ಹೊಲ ಮಾರಿ ಇನ್ನೊಬ್ಬರ ಹೊಲದಲ್ಲಿ ಒಂಬತ್ತು ತಿಂಗಳು ಕೂಲಿ ಮಾಡುವ ಹಕ್ಕನ್ನು ಕೊಳ್ಳುವುದಕ್ಕೆ ಅಂತರರಾಷ್ಟ್ರೀಯ ಸಂಚಾರ ಎನ್ನುತ್ತಾರೆ.

ಅಷ್ಟು ಕೊಟ್ಟು ಬಂದವನು ರೋಮ್‌ನಲ್ಲಿ ಇಳಿದು ಫೋನು ಮಾಡುತ್ತಾನೆ. ಮಾಲೀಕ ಎತ್ತುವುದಿಲ್ಲ. ಅಸಲಿಗೆ ಮಾಲೀಕ ಎಂಬುವನು ಇದ್ದರೆ ತಾನೆ? ಗಡುವು ಕಳೆಯುತ್ತದೆ. ವೀಸಾ ಅಸಲಿ, ಮೊಹರು ಅಸಲಿ, ಪಾಸ್‌ಪೋರ್ಟು ಅಸಲಿ, ಕೆಲಸ ಮಾತ್ರ ನಕಲಿ. ಆದರೂ ಅಕ್ರಮ ಆಗುವವನು ಕೆಲಸ ಮಾರಿದವನಲ್ಲ, ಕೊಂಡವನು. ಅಕ್ರಮ ವಾಸಕ್ಕೆ 2009ರಿಂದ ಇಟಲಿಯಲ್ಲಿ 5,000ದಿಂದ 10,000 ಯೂರೋ ದಂಡವಿದೆ. ಗಂಟೆಗೆ ನಾಲ್ಕೈದು ಯೂರೋ ಕೂಲಿಯಲ್ಲಿ ಆ ದಂಡ ಕಟ್ಟಲು ಅವನು ಸಾವಿರಾರು ಗಂಟೆ ದುಡಿಯಬೇಕು. ದುಡಿಯಲು ಅನುಮತಿ ಇಲ್ಲ. ಹೀಗೆ ತನ್ನ ಬಾಲವನ್ನು ತಾನೇ ನುಂಗಿ ತೇಗುವ ಕಾನೂನು ಲೋಕದಲ್ಲಿ ಅಪರೂಪ. ಇನ್ನು ಅವನಿಗೆ ಕೆಲಸ ಕೊಡುವವನು ಒಬ್ಬನೇ: ಅಲ್ಲಿಯ ಮೇಸ್ತ್ರಿ, ಕಪೊರಾಲೆ. ವ್ಯಾನಿನಲ್ಲಿ ತುಂಬಿಕೊಂಡು ಹೋಗುತ್ತಾನೆ, ವ್ಯಾನಿಗೂ ನೀರಿಗೂ ಕೂಲಿಯಲ್ಲಿ ಮುರಿದುಕೊಳ್ಳುತ್ತಾನೆ. ಒಂದು ಮಾತು ಒಪ್ಪಬೇಕು. ಈ ಇಡೀ ವ್ಯವಸ್ಥೆಯಲ್ಲಿ ಆಳಿನ ಮುಖ ನೋಡಿ ಕೆಲಸ ಕೊಡುವವನು ಅವನೊಬ್ಬನೇ.

ಮೇಸ್ತ್ರಿಗಿರಿಯ ವಿರುದ್ಧ ಕಾನೂನಿಲ್ಲವೇ ಎಂದರೆ, ಇದೆ. 2016ರ 199ನೇ ಸಂಖ್ಯೆಯ ಕಾಯ್ದೆ ಮೇಸ್ತ್ರಿಗೂ ಮಾಲೀಕನಿಗೂ ಒಂದರಿಂದ ಆರು ವರ್ಷ ಜೈಲು ಎನ್ನುತ್ತದೆ. ಅದು ಬಂದದ್ದು ಹಿಂದಿನ ವರ್ಷ ಪೂಲ್ಯಾದ ದ್ರಾಕ್ಷಿ ತೋಟದಲ್ಲಿ ಇಟಲಿಯ ಹೆಣ್ಣುಮಗಳೊಬ್ಬಳು ಕುಸಿದು ಸತ್ತ ಮೇಲೆ. ಅದೇ 2016ರ ಏಪ್ರಿಲ್ 18ರಂದು ಲಾಟಿನಾದ ಚೌಕದಲ್ಲಿ ಪಂಜಾಬಿ ಆಳುಗಳು ಕೆಲಸ ಬಿಟ್ಟು ದೊಡ್ಡ ಸಂಖ್ಯೆಯಲ್ಲಿ ಮುಷ್ಕರ ಹೂಡಿದರು. ತನಿಖಾಧಿಕಾರಿಗಳು ಬಂದು ನೋಡಲಿ ಎಂಬುದೂ ಅವರ ಕೂಗಿನಲ್ಲಿತ್ತು.

2024ರ ಜೂನ್ 17. ಅದೇ ಜಿಲ್ಲೆಯ ಒಂದು ತೋಟದಲ್ಲಿ ಪ್ಲಾಸ್ಟಿಕ್ ಹಾಳೆ ಸುತ್ತುವ ಯಂತ್ರ ಮೂವತ್ತೊಂದು ವರ್ಷದ ಪಂಜಾಬಿ ಯುವಕನ ಒಂದು ತೋಳನ್ನು ಕಿತ್ತಿತು. ಅವನಿಗೆ ಕಾಗದವಿರಲಿಲ್ಲ, ಒಪ್ಪಂದವಿರಲಿಲ್ಲ. ಆಂಬುಲೆನ್ಸ್ ಕರೆಯುವ ಬದಲು ಅವನನ್ನು ವ್ಯಾನಿನಲ್ಲಿ ಹಾಕಿಕೊಂಡು ಹೋಗಿ ಅವನ ಬಾಡಿಗೆ ಮನೆಯ ಮುಂದೆ ಇಳಿಸಲಾಯಿತು. ತೋಳನ್ನು ಹಣ್ಣಿನ ಕ್ರೇಟಿನಲ್ಲಿಟ್ಟು ಜೊತೆಗೆ ಬಿಟ್ಟುಹೋದರು. ಎರಡು ದಿನಕ್ಕೆ ಅವನು ರೋಮ್‌ನ ಆಸ್ಪತ್ರೆಯಲ್ಲಿ ಸತ್ತ. ಜಮೀನುದಾರನ ಅಪ್ಪ ಟೀವಿಯ ಮುಂದೆ, ಆಳಿನ ಅಜಾಗರೂಕತೆಯಿಂದ ಎಲ್ಲರಿಗೂ ನಷ್ಟವಾಯಿತು ಎಂದು ಬೇಸರಪಟ್ಟುಕೊಂಡ. ಜಮೀನುದಾರನ ಮೇಲೆ ಕೊಲೆ ಆರೋಪ ಬಿತ್ತು. ಅದೇ ಹೊಲದಲ್ಲಿ ಜೊತೆಗೆ ದುಡಿಯುತ್ತಿದ್ದ ಸತ್ತವನ ಹೆಂಡತಿಗೂ ಕಾಗದವಿರಲಿಲ್ಲ. ಕೆಲವೇ ದಿನಗಳಲ್ಲಿ ಅವಳಿಗೆ ವಿಶೇಷ ಪರವಾನಗಿ ಸಿಕ್ಕಿತು. ಕ್ಲಿಕ್ ಬೇಕಾಗಲಿಲ್ಲ, ಕೋಟಾ ಬೇಕಾಗಲಿಲ್ಲ, ಊರಿಗೆ ಹೋಗಿ ಅಪರಿಚಿತಳಾಗಿ ಮರಳಿ ಬಾ ಎಂದು ಯಾರೂ ಹೇಳಲಿಲ್ಲ. ಇಟಲಿಯ ಅಧಿಕಾರಿಗಳು ಮನಸ್ಸು ಮಾಡಿದರೆ ಎಷ್ಟು ಬೇಗ ಕೆಲಸ ಮಾಡಬಲ್ಲರು ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ಅಂದಹಾಗೆ, ಲಾಟಿನಾದ ಆ ನೆಲ ಒಂದು ಕಾಲದಲ್ಲಿ ಮಲೇರಿಯಾದ ಜೌಗು. ಮುಸೊಲಿನಿ ಅದನ್ನು ಬಸಿದು, 1932ರಲ್ಲಿ ಲಿತ್ತೋರಿಯಾ ಎಂಬ ಊರು ಕಟ್ಟಿ, ಉತ್ತರದ ವೆನೆತೊ ಕಡೆಯ ಬಡ ಕುಟುಂಬಗಳನ್ನು ತಂದು ನೆಲೆಯೂರಿಸಿದ. ಈಗ ಆಳಿಗೆ ಕಾಗದವೆಲ್ಲಿ ಎಂದು ಕೇಳುವ ಜಮೀನುದಾರರಲ್ಲಿ ಅವರ ಮೊಮ್ಮಕ್ಕಳೂ ಇದ್ದಾರೆ. ಅಜ್ಜಂದಿರಿಗೆ ಕ್ಲಿಕ್ ಡೇ ಇರಲಿಲ್ಲ, ರೈಲಿತ್ತು.

ಕೋಟಾ ಇಲ್ಲದೆ ಕಾಗದ ಕೊಡಲು ಬರುವುದೇ ಇಲ್ಲ ಎಂದಲ್ಲ. 2020ರಲ್ಲಿ ಕೊರೊನಾ ಬಂದು ಗಡಿ ಮುಚ್ಚಿ, ಕೀಳುವವರಿಲ್ಲದೆ ಬೆಳೆ ಹೊಲದಲ್ಲೇ ಕೊಳೆಯುವ ಭಯ ಹುಟ್ಟಿದಾಗ, ಇಟಲಿಗೆ ತನ್ನೊಳಗೇ ಲಕ್ಷಾಂತರ ಅಕ್ರಮ ಆಳುಗಳಿರುವುದು ನೆನಪಾಯಿತು. ಕೃಷಿ ಸಚಿವೆ ತೆರೇಸಾ ಬೆಲ್ಲನೋವಾ, ಹದಿಹರೆಯದಲ್ಲಿ ತಾವೇ ಹೊಲದ ಕೂಲಿಯಾಗಿದ್ದವರು, ಸಕ್ರಮದ ಆದೇಶ ಪ್ರಕಟಿಸುತ್ತ ಅತ್ತುಬಿಟ್ಟರು. ಕಣ್ಣೀರು ಪುಕ್ಕಟೆ, ಅರ್ಜಿಗೆ ತಲಾ 500 ಯೂರೋ. ಸುಮಾರು 2,07,000 ಅರ್ಜಿಗಳು ಬಂದವು. ಅವುಗಳಲ್ಲಿ ಬಹುಪಾಲು ಹೊಲದವಲ್ಲ, ಮನೆಗೆಲಸದವು. ಜಮೀನುದಾರರಿಗೆ ಅಕ್ರಮದಲ್ಲಿ ಅಂಥ ಅನನುಕೂಲವೇನೂ ಕಂಡಿರಲಿಲ್ಲ.

ಸಕ್ರಮ ಸುಗ್ಗಿಯಾಳಿನ ಭಾಗ್ಯವೂ ದೊಡ್ಡದೇನಲ್ಲ. ಯುರೋಪಿಯನ್ ಒಕ್ಕೂಟ 2014ರಲ್ಲಿ ಹೊರಡಿಸಿದ ಸುಗ್ಗಿಯಾಳುಗಳ ನಿರ್ದೇಶನ, ಸ್ಥಳೀಯರ ಸಮಾನವಾಗಿ ನಡೆಸಿಕೊಳ್ಳಬೇಕು ಎಂದು ಮೊದಲು ಹೇಳುತ್ತದೆ. ಆಮೇಲೆ ಕುಟುಂಬ ಭತ್ಯೆಯನ್ನೂ ನಿರುದ್ಯೋಗ ಭತ್ಯೆಯನ್ನೂ ಬೇಕಿದ್ದರೆ ಕೊಡದೆ ಇರಬಹುದು ಎಂದು ದೇಶಗಳಿಗೆ ಬಿಟ್ಟುಕೊಡುತ್ತದೆ. ಬಂದವನಿಗೆ ಕುಟುಂಬವೂ ಇರಬಾರದು, ಕೆಲಸವೂ ತಪ್ಪಬಾರದು.

ಇಷ್ಟೆಲ್ಲ ಹಗರಣದ ಮೇಲೆ ಸುಧಾರಣೆ ಆಗದಿದ್ದೀತೇ? 2024ರ ಅಕ್ಟೋಬರ್‌ನ ಸುಗ್ರೀವಾಜ್ಞೆ ಗಂಭೀರ ಕ್ರಮ ಕೈಗೊಂಡಿತು. ಅರ್ಜಿಯನ್ನು ತಿಂಗಳುಗಳ ಮುಂಚೆಯೇ ತುಂಬಿಡಬೇಕು. ಖಾಸಗಿಯಾಗಿ ಅರ್ಜಿ ಹಾಕುವ ಮಾಲೀಕನಿಗೆ ಮೂರೇ ಅರ್ಜಿ, ನಾಲ್ಕನೆಯದಿಲ್ಲ. 2026ರಿಂದ 2028ರವರೆಗೆ ಇನ್ನೂ ಸುಮಾರು ಐದು ಲಕ್ಷ ಜನರ ಕೋಟಾ ಘೋಷಣೆಯಾಗಿದೆ. ಹೊಲದ ಆಳುಗಳಿಗೆ ಮೊದಲ ಕ್ಲಿಕ್ 2026ರ ಜನವರಿ 12, ಬೆಳಿಗ್ಗೆ ಒಂಬತ್ತು. ಆದರೆ ಮಾಲೀಕರ ಸಂಘಗಳ ಮೂಲಕ ಹಾಕಿದರೆ ಆ ಮೂರರ ಮಿತಿ ಅನ್ವಯಿಸುವುದಿಲ್ಲ. ಆಳುಗಳ ಸಂಖ್ಯೆ ವಹಿವಾಟಿಗೆ ತಕ್ಕಂತಿದೆಯೇ ಎಂದು ಸಂಘವೇ ನೋಡಿಕೊಳ್ಳಬೇಕು. ಕಳ್ಳರು ಒಬ್ಬೊಬ್ಬರೇ ಓಡಾಡುತ್ತಾರೆ, ಸಂಘ ಕಟ್ಟಿಕೊಳ್ಳುವಷ್ಟು ಬುದ್ಧಿ ಅವರಿಗಿಲ್ಲ ಎಂಬ ನಂಬಿಕೆ, ಮಾಫಿಯಾ ಹುಟ್ಟಿದ ದೇಶದಲ್ಲಿ.