ಮೂವತ್ತು ಸೆಕೆಂಡಿನ ಆಸ್ಥಾನಕವಿಗಳು

ಟಿವಿ ಜಾಹೀರಾತಿನ ಹಾಡುಗಳನ್ನು ಯಾರಾದರೂ ಸಾಹಿತ್ಯದ ಸಾಲಿಗೆ ಸೇರಿಸ ಹೊರಟರೆ ವಿದ್ವಾಂಸರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ನೋಡುತ್ತಾರೆ. ದುಡ್ಡು ಕೊಟ್ಟವನ ಸರಕನ್ನು ಹೊಗಳಲೆಂದೇ ಹುಟ್ಟಿದ ಪದ್ಯ ಪದ್ಯವೇ ಅಲ್ಲ ಎಂಬುದು ಅವರ ವಾದ. ಈ ಅಳತೆಗೋಲು ಹಿಡಿದು ಹೊರಟರೆ ಮೊದಲು ಸಿಕ್ಕಿಬೀಳುವವನು ನಮ್ಮ ಆದಿಕವಿ ಪಂಪನೇ. ಕ್ರಿ.ಶ. 941ರ ಸುಮಾರಿಗೆ ಅವನು ಬರೆದ ‘ವಿಕ್ರಮಾರ್ಜುನ ವಿಜಯ’ದಲ್ಲಿ ಅರ್ಜುನನೆಂದರೆ ಬೇರೆ ಯಾರೂ ಅಲ್ಲ, ವೇಮುಲವಾಡದ ದೊರೆ ಅರಿಕೇಸರಿ. ದೊರೆಯ ಹೆಂಡತಿಗೆ ಐವರು ಗಂಡಂದಿರಿದ್ದರೆ ಚೆನ್ನಾಗಿರುವುದಿಲ್ಲವಲ್ಲ, ಹಾಗಾಗಿ ದ್ರೌಪದಿ ಅರ್ಜುನನೊಬ್ಬನಿಗೇ ಮಡದಿಯಾದಳು. ಯುದ್ಧ ಮುಗಿದ ಮೇಲೆ ಪಟ್ಟ ಕಟ್ಟಿದ್ದೂ ಧರ್ಮರಾಯನಿಗಲ್ಲ, ಸುಭದ್ರೆಯ ಜೊತೆ ಕೂತ ಅರ್ಜುನನಿಗೆ. ಇವತ್ತಿನ ಜಾಹೀರಾತು ಏಜೆನ್ಸಿಯಲ್ಲಿ ಇದಕ್ಕೆ ‘ಕ್ಲೈಂಟ್ ಕರೆಕ್ಷನ್’ ಎನ್ನುತ್ತಾರೆ. ಪಂಪನಿಗೆ ಸಂಭಾವನೆಯಾಗಿ ಒಂದು ಅಗ್ರಹಾರವೇ ಸಿಕ್ಕಿತು. ಸತ್ಯಾಶ್ರಯನನ್ನು ಭೀಮನಾಗಿಸಿದ ರನ್ನನದೂ ಇದೇ ಕಸುಬು. ಆಮೇಲೆ ಏನಾಯಿತು ನೋಡಿ: ಅರಿಕೇಸರಿಯ ರಾಜ್ಯ ಹೋಯಿತು, ಕಾವ್ಯ ಉಳಿಯಿತು. ಜಾಹೀರಾತಿನ ಹಾಡಿನ ಹಣೆಬರಹವೂ ಇಷ್ಟೇ ಎಂಬುದು ನನ್ನ ವಾದ. ಮಾರಾಟಗಾರನಾಗಿ ಅದು ಅಂಥ ಗಟ್ಟಿಗನಲ್ಲ. ಹಾಡಾಗಿ ಮಾತ್ರ ಅದು ಸರಕಿಗಿಂತ ದೀರ್ಘಾಯುಷಿ. ಕಂಪನಿ ತನ್ನ ಖರ್ಚಿನಲ್ಲಿ ನಮಗೊಂದು ಹಾಡು ಮಾಡಿಸಿಕೊಟ್ಟು ಹೋಗುತ್ತದೆ.

ಬಜಾಜ್ ಸ್ಕೂಟರನ್ನೇ ತೆಗೆದುಕೊಳ್ಳಿ. ಸ್ಕೂಟರ್ ಬೇಕೆಂದು ಹಣ ಕಟ್ಟಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ ಅದಕ್ಕೆ ಹಾಡು ಬೇಕಾಗಿರಲಿಲ್ಲ. ಕೊಳ್ಳುವವನೇ ಡೀಲರಿನ ಮುಂದೆ ಹಾಡಬೇಕಿತ್ತು. ಜಪಾನಿನ ಕಂಪನಿಗಳ ಜೊತೆ ಕೈಜೋಡಿಸಿದ ಹೊಸ ಗಾಡಿಗಳು ರಸ್ತೆಗಿಳಿದ ಮೇಲೆ, 1989ರಲ್ಲಿ, ಅಲೀಕ್ ಪದಮ್ಸೀ ಅವರ ಲಿಂಟಾಸ್ ಸಂಸ್ಥೆಯಿಂದ ಆ ಪ್ರಸಿದ್ಧ ಹಾಡು ಬಂತು. ಇಡೀ ದೇಶದ ಚಿತ್ರವೇ ಈ ಸ್ಕೂಟರಿನಲ್ಲಿದೆ ಎಂದು ಎದೆ ತುಂಬಿ ಹೇಳಿತು. ಜನ ಕೇಳಿದರು, ಕಣ್ಣು ಒದ್ದೆ ಮಾಡಿಕೊಂಡರು, ಬರಬರುತ್ತಾ ಮೋಟರ್ ಸೈಕಲ್ ಕೊಂಡರು. 2009ರಲ್ಲಿ ಕಂಪನಿಯೇ ಸ್ಕೂಟರಿನ ಸಹವಾಸ ಸಾಕು ಎಂದಿತು. (ಚೇತಕ್ ಈಗ ಬ್ಯಾಟರಿ ಹಾಕಿಸಿಕೊಂಡು ಮರುಜನ್ಮ ಪಡೆದಿರುವುದು ಬೇರೆ ಪುರಾಣ.) ಸ್ಕೂಟರ್ ಗುಜರಿಗೆ ಹೋದರೂ ಹಾಡು ಹೋಗಲಿಲ್ಲ. ಸ್ಕೂಟರ್ ಹತ್ತಿದ್ದು ನೆನಪಿಲ್ಲದವರೂ ಅದನ್ನು ಗುನುಗುತ್ತಾರೆ.

‘ಹಾಡು ಮಾರುವುದಿಲ್ಲ ಎಂದಿರಲ್ಲ, ನಿರ್ಮಾ ಮತ್ತೇನು?’ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲರು 1969ರಲ್ಲಿ ತಮ್ಮ ಮನೆಯಲ್ಲಿ ಪುಡಿ ಕಲಸಿ, ಮಗಳ ಹೆಸರಿಟ್ಟು, ಸೈಕಲ್ ಮೇಲೆ ಮನೆಮನೆಗೆ ಮಾರಿದರು. ಆಮೇಲೆ ಬಂದ ಹಾಡು ಈ ದೇಶದ ಬಚ್ಚಲುಮನೆಗಳ ಅನಧಿಕೃತ ರಾಷ್ಟ್ರಗೀತೆಯಾಯಿತು. ಆದರೆ ಟಿವಿಯಲ್ಲಿ ಹಾಡು ಮೊಳಗುವ ಮೊದಲೇ ಪುಡಿ ಓಡುತ್ತಿತ್ತು, ಏಕೆಂದರೆ ಅದರ ಬೆಲೆ ದೊಡ್ಡ ಕಂಪನಿಯ ಸರ್ಫಿನ ಮೂರನೇ ಒಂದು ಪಾಲಿಗಿಂತಲೂ ಕಡಿಮೆಯಿತ್ತು. ಹಾಡಿಗೆ ಉತ್ತರವಾಗಿ ಸರ್ಫಿನವರು ಹಾಡಲಿಲ್ಲ, ಲಲಿತಾಜಿಯನ್ನು ಕಳಿಸಿದರು. ನೀಲಿ ಅಂಚಿನ ಬಿಳಿ ಸೀರೆ ಉಟ್ಟ ಆ ಮಹಾತಾಯಿ ಅಗ್ಗದ್ದನ್ನು ಕೊಳ್ಳುವುದೇ ಬೇರೆ, ಒಳ್ಳೆಯದನ್ನು ಕೊಳ್ಳುವುದೇ ಬೇರೆ ಎಂದು ತರಕಾರಿ ಅಂಗಡಿಯಲ್ಲಿ ನಿಂತು ತರ್ಕಶಾಸ್ತ್ರ ಬೋಧಿಸಿದರು. ಹಾಡೂ ತರ್ಕವೂ ಎದುರುಬದುರಾದ ಅಂಥ ಕದನ ಮತ್ತೆ ಕಾಣಸಿಗಲಿಲ್ಲ. ಆದರೆ ಕೊನೆಗೆ ಸರ್ಫಿನ ಕಂಪನಿ ಹಿಂದೂಸ್ತಾನ್ ಲೀವರ್ ಮಾಡಿದ್ದೇನು? ವೀಲ್ ಎಂಬ ಅಗ್ಗದ ಪುಡಿಯನ್ನೇ ಮಾರುಕಟ್ಟೆಗೆ ಇಳಿಸಿತು. ಗೆಲ್ಲುತ್ತಿದ್ದುದು ರಾಗವಲ್ಲ, ರೂಪಾಯಿ ಎಂಬುದು ಅವರಿಗೆ ಗೊತ್ತಿತ್ತು.

ಹಾಡು ಸರಕಿಗೆ ಬಿಟ್ಟು ಬೇರೆ ಯಾವುದಕ್ಕೋ ನೆರವಾದದ್ದೂ ಉಂಟು. ವಿಕೋ ಟರ್ಮೆರಿಕ್‌ನ ಹಾಡು ಕೇಳಿದವರಿಗೆಲ್ಲ ಒಂದು ಅನುಮಾನ ಬಂದಿರಬೇಕು: ಮದುವಣಗಿತ್ತಿಗೆ ಅರಿಶಿನ ಹಚ್ಚುವ ಹೊತ್ತಿನಲ್ಲಿ ಇದು ಸೌಂದರ್ಯ ಸಾಧನವಲ್ಲ, ಆಯುರ್ವೇದ ಎಂದು ಯಾರಾದರೂ ಹಾಡುತ್ತಾರೆಯೇ? ಹಾಡುತ್ತಾರೆ, ಅಬಕಾರಿ ಸುಂಕದವರು ಕೇಳಿಸಿಕೊಳ್ಳುತ್ತಿದ್ದರೆ. ಆಗ ಸೌಂದರ್ಯ ಸಾಧನವಾದರೆ ಸುಂಕ ಹೆಚ್ಚಿತ್ತು, ಔಷಧಿಯಾದರೆ ಕಡಿಮೆಯಿತ್ತು. 1970ರ ದಶಕದಲ್ಲಿ ಹುಟ್ಟಿದ ವ್ಯಾಜ್ಯ ಈ ಶತಮಾನದವರೆಗೂ ಎಳೆದು, ಸುಪ್ರೀಂ ಕೋರ್ಟಿನಲ್ಲಿ ಕಂಪನಿ ಗೆದ್ದಿತು. ನಾವೆಲ್ಲ ಮಕ್ಕಳುಮರಿ ಸಮೇತ ಹಾಡಿದ್ದು ಪ್ರೇಮಗೀತೆಯಲ್ಲ, ಮೇಲ್ಮನವಿ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಈ ಹಾಡುಗಳು ಉಳಿದದ್ದು ಅವುಗಳ ಗುಣದಿಂದಲ್ಲ, ನಮ್ಮ ಗತಿಕೇಡಿನಿಂದ ಎನ್ನುವುದು. ದೂರದರ್ಶನದಲ್ಲಿ ಜಾಹೀರಾತು ಶುರುವಾದದ್ದು 1976ರಲ್ಲಿ. ಆಗ ಇದ್ದದ್ದೇ ಒಂದು ವಾಹಿನಿ, ರಿಮೋಟ್ ಎಂಬ ಆಯುಧ ಇರಲಿಲ್ಲ. ಭಾನುವಾರದ ರಾಮಾಯಣಕ್ಕೆ ಕಾಯುವವರು ರಾಮ ಬರುವ ಮುಂಚೆ ಸೋಪು, ಪೇಸ್ಟು, ಪುಡಿಗಳನ್ನೆಲ್ಲ ದಾಟಬೇಕಿತ್ತು. ಕಟ್ಟಿಹಾಕಿ ನೂರು ಸಲ ಕೇಳಿಸಿದರೆ ಗೆಜೆಟ್ ಪ್ರಕಟಣೆಯೂ ಬಾಯಿಪಾಠವಾಗುತ್ತದೆ. ಇದರಲ್ಲಿ ಅರ್ಧ ಸತ್ಯವಿದೆ, ಒಪ್ಪಿಕೊಳ್ಳೋಣ. ಆದರೆ ಅದೇ ಪರದೆಯ ಮೇಲೆ ಅಷ್ಟೇ ಸಲ ಹಾದುಹೋದ ನೂರಾರು ಜಾಹೀರಾತುಗಳ ಸುಳಿವೂ ಈಗ ಉಳಿದಿಲ್ಲ. ಉಳಿದವುಗಳ ಹಿಂದೆ ಕೈ ಪಳಗಿದವರಿದ್ದರು. ಕೊಡೈಕೆನಾಲ್ ಕಡೆಯ ಜಲಪಾತದಲ್ಲಿ ನೆನೆದ ಲಿರಿಲ್ ಹುಡುಗಿಗೆ ಸ್ವರ ಕೊಟ್ಟವರು ವನರಾಜ್ ಭಾಟಿಯಾ. ಆ ರಾಗಕ್ಕೆ ಪದಗಳ ಹಂಗೇ ಇರಲಿಲ್ಲ. ಶ್ಯಾಮ್ ಬೆನೆಗಲ್ಲರ ‘ಮಂಥನ್’ ಚಿತ್ರಕ್ಕೂ ಅವರದೇ ಸಂಗೀತ. ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಹಾಕಿ ಮಾಡಿಸಿದ, ನಮ್ಮ ಗಿರೀಶ ಕಾರ್ನಾಡರು ನಾಯಕರಾಗಿದ್ದ ಆ ಚಿತ್ರದಲ್ಲಿ ಪ್ರೀತಿ ಸಾಗರ್ ಹಾಡಿದ ಹಾಡು ಮುಂದೆ ಅಮುಲ್ ಜಾಹೀರಾತಾಯಿತು. ಅದೇ ಹಾಡು ಚಿತ್ರಮಂದಿರದಲ್ಲಿ ಕಲೆ, ಟಿವಿಯಲ್ಲಿ ವ್ಯಾಪಾರ ಎಂದು ಗೆರೆ ಎಳೆಯುವವರು ಎಳೆಯಲಿ. ಬೆಂಗಳೂರಿನ ಟೈಟಾನ್ ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮೊಜಾರ್ಟನ ಇಪ್ಪತ್ತೈದನೇ ಸಿಂಫನಿಯನ್ನೇ ಕೈಗಡಿಯಾರಕ್ಕೆ ಕಟ್ಟಿತು. 1773ರಲ್ಲಿ, ಹದಿನೇಳರ ವಯಸ್ಸಿನಲ್ಲಿ ಅದನ್ನು ಬರೆದ ಹುಡುಗನಿಗೆ ಹೊಸೂರಿನ ಕಾರ್ಖಾನೆಯ ಕನಸೂ ಬಿದ್ದಿರಲಾರದು. ಮೊಜಾರ್ಟನ ಹೆಸರು ಕೇಳದವರೂ ನಮ್ಮಲ್ಲಿ ಅವನ ಸಂಗೀತ ಕೇಳಿ ತಲೆದೂಗಿದರು, ಗಡಿಯಾರದ ಸಂಗೀತ ಎಂದುಕೊಂಡು.

ಇವೆಲ್ಲ ಹಿಂದಿಯವು, ಕನ್ನಡಕ್ಕೇನು ಸಂಬಂಧ ಎಂದು ಕೇಳಬಹುದು. ಸಿನಿಮಾ ಡಬ್ಬಿಂಗ್ ಕೂಡದೆಂದು ದಶಕಗಳ ಕಾಲ ಕಾವಲು ನಿಂತ ನಾಡು ನಮ್ಮದು. ಕೋಟೆಯ ಹೆಬ್ಬಾಗಿಲು ಕಾಯುತ್ತಿದ್ದಾಗ ಹಲ್ಲುಪುಡಿ, ಬಟ್ಟೆ ಸೋಪುಗಳು ಕಿಂಡಿಯಿಂದ ಡಬ್ ಆಗಿ ಒಳಗೆ ಬಂದುಬಿಟ್ಟವು. ಮುಂಬೈ ಸ್ಟುಡಿಯೊದಲ್ಲಿ ಹಿಂದಿಯ ಅಳತೆಗೆ ಹೊಲಿದ ಅಂಗಿಗೆ ಕನ್ನಡದ ಮೈ ತುರುಕಿದ್ದರಿಂದ, ಸಾಲಿನ ಕೊನೆಯ ಕ್ರಿಯಾಪದ ಬಸ್ಸು ತಪ್ಪಿಸಿಕೊಂಡವರ ಹಾಗೆ ಓಡಿ ಬಂದು ರಾಗ ಹಿಡಿಯುತ್ತಿತ್ತು. ಒಳ್ಳೆಯ ಕನ್ನಡ ಕವಿಯನ್ನು ಕೂರಿಸಿ ಬರೆಸಿದ್ದರೆ ಈ ಅವಸ್ಥೆ ಬರುತ್ತಿರಲಿಲ್ಲ. ಡಾ. ರಾಜ್‌ಕುಮಾರ್ ನಂದಿನಿ ಹಾಲಿಗಾಗಿ ಒಂದು ಪೈಸೆಯನ್ನೂ ಮುಟ್ಟದೆ ಕ್ಯಾಮೆರಾ ಮುಂದೆ ನಿಂತಾಗ ಮಾತ್ರ ಜಾಹೀರಾತು ನಮ್ಮ ಮನೆಯದೇ ಎನಿಸಿತು.

ಪಂಪನಿಗೂ ಜಾಹೀರಾತಿನ ಹಾಡು ಕಟ್ಟುವವರಿಗೂ ಇರುವ ಒಂದು ವ್ಯತ್ಯಾಸ ಮಾತ್ರ ನ್ಯಾಯವಾದದ್ದಲ್ಲ. ಪಂಪ ತನ್ನ ಕಾವ್ಯದೊಳಗೇ ತನ್ನ ಹೆಸರು, ವಂಶ, ಊರು ಎಲ್ಲವನ್ನೂ ಬರೆದಿಟ್ಟ. ಜಾಹೀರಾತಿನ ಹಾಡಿನಲ್ಲಿ ದೊರೆಯ ಹೆಸರು ಮೂರು ಸಲ ಬರುತ್ತದೆ, ಕವಿಯದು ಒಂದು ಸಲವೂ ಇಲ್ಲ. ‘ರೋಜಾ’ಗಿಂತ ಮುಂಚೆ ಎ.ಆರ್. ರೆಹಮಾನ್ ವರ್ಷಗಟ್ಟಲೆ ಜಾಹೀರಾತುಗಳಿಗೆ ಸಂಗೀತ ಮಾಡಿದ್ದು ಲೋಕಕ್ಕೆ ತಿಳಿದದ್ದು ಅವರು ಸಿನಿಮಾದಲ್ಲಿ ಗೆದ್ದ ಮೇಲೆ. ಗೆಲ್ಲದವರ ಹೆಸರು ಯಾರಿಗೆ ಗೊತ್ತು? ಜಾಗವಿಲ್ಲ ಎಂದು ಏಜೆನ್ಸಿಯವರು ಹೇಳುವಂತಿಲ್ಲ. ಮ್ಯೂಚುವಲ್ ಫಂಡಿನ ಎಚ್ಚರಿಕೆಯನ್ನು ಉಸಿರು ಬಿಡದೆ ಓದಿಸುವುದಕ್ಕೆ ಜಾಗವಿದೆ, ಇರುವೆಗಾತ್ರದ ಅಕ್ಷರದಲ್ಲಿ ಷರತ್ತುಗಳನ್ನು ಹಾಕುವುದಕ್ಕೂ ಜಾಗವಿದೆ. ಅದೇ ಮೂಲೆಯಲ್ಲಿ, ಅದೇ ಇರುವೆಗಾತ್ರದಲ್ಲಾದರೂ ಸರಿ, ಹಾಡು ಬರೆದವರ ಮತ್ತು ರಾಗ ಕಟ್ಟಿದವರ ಹೆಸರು ಹಾಕಿ. ಅಗ್ರಹಾರವನ್ನೇನೂ ಯಾರೂ ಕೇಳುತ್ತಿಲ್ಲ.