ಸಾಲಾವಳಿ ರಾಯರು

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಗೋಡೆಗೆ ಏನಾದರೂ ನೇತುಹಾಕುವ ಮನಸ್ಸಾದರೆ ಅದನ್ನು ಲಿಫ್ಟಿನಲ್ಲಿ ಬಾಯಿಬಿಟ್ಟು ಹೇಳಬಾರದು. ನಾನು ಹೇಳಿದೆ. ಕೈಯಲ್ಲಿ ಹೊಸ ಗಡಿಯಾರದ ಡಬ್ಬ ಇತ್ತು, ಪಕ್ಕದಲ್ಲಿ ನಾಲ್ಕನೇ ಮಹಡಿಯ ರಾಯರಿದ್ದರು.

"ಗೋಡೆ ಯಾವುದು?"

"ಹಾಲಿನದು."

"ಹಾಲೋ ಮೊಸರೋ ಅದಲ್ಲ ಇವರೇ. ಇಟ್ಟಿಗೆಯೋ, ಬ್ಲಾಕೋ, ಕಾಂಕ್ರೀಟೋ?"

ಹನ್ನೊಂದು ವರ್ಷದಿಂದ ಆ ಗೋಡೆಗೆ ಒರಗಿಯೇ ಕಾಫಿ ಕುಡಿದಿದ್ದೇನೆ; ಅದರ ಕುಲಗೋತ್ರ ವಿಚಾರಿಸಿರಲಿಲ್ಲ. ಲಿಫ್ಟು ನಿಂತಿತು. ರಾಯರು ಬಾಗಿಲಿಗೆ ಚಪ್ಪಲಿ ಕಾಲು ಅಡ್ಡವಿಟ್ಟು, "ಗೆಣ್ಣಿನಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದರೆ ಬ್ಲಾಕು. ಭಾನುವಾರ ಬರ್ತೀನಿ. ಅಲ್ಲೀವರೆಗೂ ನೀವು ಏನೂ ಮುಟ್ಟಬೇಡಿ" ಎಂದರು. ಗಡಿಯಾರವನ್ನೂ ಮುಟ್ಟಬಾರದೋ ಏನೋ ಎಂದು ಡಬ್ಬ ಬಿಚ್ಚದೆ ಇಟ್ಟೆ.

ಒಂದೊಂದು ಬಡಾವಣೆಗೂ ಇಂಥವರೊಬ್ಬರು ಇರುತ್ತಾರೆ. ಕೆಲವು ಕಡೆ ಅವರ ಕೈಯಲ್ಲಿ ಬಿ.ಪಿ. ನೋಡುವ ಮೆಷಿನ್ನು, ಕೆಲವು ಕಡೆ ಸಂಘದ ಬೈಲಾ ಪುಸ್ತಕ. ನಮ್ಮವರ ಕೈಯಲ್ಲಿ ಕಾರ್ಡ್‌ಲೆಸ್ ಡ್ರಿಲ್ಲು. ರಾಯರು 34 ವರ್ಷ ಲೆಕ್ಕ ತಪಾಸಣೆಯ ಕೆಲಸದಲ್ಲಿದ್ದವರು. ಒಂದು ಬಿಲ್ಲನ್ನೂ ಮೊದಲ ಸಲಕ್ಕೇ ಪಾಸು ಮಾಡಿದವರಲ್ಲ. ರಿಟೈರಾದ ಮೇಲೆ ನೆಂಟರಿಷ್ಟರ ಜಾತಕ ಕೂಡಿಸಲು ಕೂತರು. ಅಕ್ಕನ ಮಗನೊಬ್ಬನಿಗೆ ಗಣ ಕೂಡಿದರೆ ನಾಡಿ ಕೂಡದೆ, ನಾಡಿ ಕೂಡಿದರೆ ಹುಡುಗಿಯ ಅಪ್ಪ ಕೂಡದೆ, ಅವನು 41ನೇ ವಯಸ್ಸಿನಲ್ಲಿ ತಾನೇ ಹೋಗಿ ರಿಜಿಸ್ಟರ್ ಮದುವೆ ಮಾಡಿಕೊಂಡು ಬಂದ. ಆ ಬೇಸರದಲ್ಲಿದ್ದಾಗ ಅಳಿಯ ಅಮೆರಿಕದಿಂದ ಡ್ರಿಲ್ಲು ತಂದುಕೊಟ್ಟದ್ದು, ಜೊತೆಗೆ ನೂರು ಬಿಟ್ಟುಗಳ ಪೆಟ್ಟಿಗೆ. ನೂರು ವಧು, ಒಬ್ಬನೇ ವರ. ರಾಯರ ಮುಖಕ್ಕೆ ಮತ್ತೆ ಕಳೆ ಬಂತು.

ಡ್ರಿಲ್ಲು ಮನೆ ತುಂಬಿದ ದಿನವೇ ಒಂದು ಅಪಶಕುನ ಆಯಿತು. ಅದರ ಚಾರ್ಜರು ಅಲ್ಲಿನ 120 ವೋಲ್ಟಿನದು. ನಮ್ಮ 230ಕ್ಕೆ ಸಿಕ್ಕಿಸಿದ್ದೇ ತಡ, ಟಪ್ಪೆಂದು ಪ್ರಾಣಬಿಟ್ಟಿತು. ಇನ್ನೊಂದು ಚಾರ್ಜರು ತರಿಸಿ, ಅದರ ರಕ್ಷಣೆಗೆ ಒಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕೊಂಡರು. ಅದನ್ನು ಎತ್ತಲು ವಾಚ್‌ಮನ್ನನ್ನು ಕರೆಯಬೇಕು. ವೈರಿಲ್ಲದ ಡ್ರಿಲ್ಲಿಗೆ ಅಷ್ಟೊಂದು ವೈರು!

ಡ್ರಿಲ್ಲಿನ ಮೈಮೇಲೆ 20 ವೋಲ್ಟ್ ಎಂದು ಬರೆದಿದೆ. ಮೂರನೇ ಮಹಡಿಯ ಎಂಜಿನಿಯರ್ ಹುಡುಗನ ಡ್ರಿಲ್ಲಿನ ಮೇಲೆ 18. ಆ ಎರಡು ವೋಲ್ಟಿನ ದೊಡ್ಡಸ್ತಿಕೆಯನ್ನು ರಾಯರು ಎರಡು ವರ್ಷ ಅನುಭವಿಸಿದರು. ಒಂದು ದಿನ ಹುಡುಗ ತಡೆಯಲಾರದೆ, "ಅಂಕಲ್, ಎರಡರಲ್ಲೂ ಇರೋದು ಐದೈದೇ ಸೆಲ್ಲು. ಪೂರ್ತಿ ಚಾರ್ಜ್ ಆಗಿದ್ದಾಗ ಒಂದೊಂದು 4 ವೋಲ್ಟು, ಕೆಲಸಕ್ಕಿಳಿದರೆ 3.6. ನಿಮ್ಮ ಕಂಪನಿಯವರು ಮೊದಲನೇ ಲೆಕ್ಕ ಬರೆದಿದ್ದಾರೆ, ನಮ್ಮವರು ಎರಡನೇದು" ಎಂದುಬಿಟ್ಟ. ಅಂದಿನಿಂದ ಅವರಿಬ್ಬರಿಗೂ ಮಾತಿಲ್ಲ.

ನೂರು ಬಿಟ್ಟಿದ್ದರೂ ಶನಿವಾರ ನನ್ನನ್ನು ಎಸ್‌ಜೆಪಿ ರಸ್ತೆಗೆ ಎಳೆದುಕೊಂಡು ಹೋದರು. ಅಮೆರಿಕದ ಬಿಟ್ಟು ಇಂಚಿನ ಲೆಕ್ಕದ್ದು, ಸ್ಕ್ರೂ ಕೂರಲೆಂದು ತೂತಿಗೆ ತುರುಕುವ ನಮ್ಮ ಪ್ಲಾಸ್ಟಿಕ್ ಗಿಟ್ಟಿ ಮಿಲಿಮೀಟರಿನದು, ಸಾಲಾವಳಿ ಬರುವುದಿಲ್ಲವಂತೆ. ಬಸ್ಸಿನಲ್ಲಿ ಪಾಠ ನಡೆಯಿತು. ಕಬ್ಬಿಣದ ಬಿಟ್ಟು ಎಚ್‌ಎಸ್‌ಎಸ್ ಉಕ್ಕಿನದು, ಕಾಂಕ್ರೀಟಿಗೆ ಹಚ್ಚಿದರೆ ನೋಡನೋಡುತ್ತ ಮೊನೆ ಸವೆದು ನೀಲಿಗಟ್ಟುತ್ತದೆ. ಮರದ ಬಿಟ್ಟಿಗೆ ನಡುವೆ ಒಂದು ಮುಳ್ಳು, ಗುರುತು ಹಾಕಿದ ಕಡೆಯಿಂದ ಜಾರದಿರಲಿ ಅಂತ. ಗೋಡೆಯ ಬಿಟ್ಟು ಕಣ್ಣಿಗೆ ಮೊಂಡು, ಆದರೆ ತುದಿಯಲ್ಲಿ ಟಂಗ್‌ಸ್ಟನ್ ಕಾರ್ಬೈಡಿನ ಹಲ್ಲು ಕೂರಿಸಿರುತ್ತಾರೆ. ಪೆಟ್ಟಿಗೆಯಲ್ಲಿ ಬಂಗಾರದಂತೆ ಹೊಳೆಯುವವು ಕೂಡ ಉಕ್ಕಿನವೇ, ಮೇಲೆ ಟೈಟಾನಿಯಂ ನೈಟ್ರೈಡಿನ ಲೇಪ ಅಷ್ಟೆ. "ಬಣ್ಣಕ್ಕೆ ಮರುಳಾಗಿ ಅದನ್ನ ಗೋಡೆಗೆ ಕೊಟ್ಟಿರೋ, ಸಂಸಾರ ಕೆಟ್ಟಿತು" ಎಂದರು. ಟೌನ್‌ಹಾಲ್ ಬರುವಷ್ಟರಲ್ಲಿ ಮುಂದಿನ ಸೀಟಿನವರು ಎದ್ದು ಹಿಂದಕ್ಕೆ ಹೋಗಿದ್ದರು. ನಮ್ಮ ಕಟ್ಟಡದ ಮಕ್ಕಳು ಇವರಿಗೆ ಬೈರಿಗೆ ತಾತ ಎಂದು ಹೆಸರಿಟ್ಟಿದ್ದಾರೆ. ಡ್ರಿಲ್ಲು ಇರುವುದರಿಂದ ಬಂದ ಹೆಸರೆಂದು ರಾಯರು ನಂಬಿದ್ದಾರೆ.

ಅಂಗಡಿಯವನು ಬುದ್ಧಿವಂತ. "ಮೊದಲು ಗಿಟ್ಟಿ ತಗೊಳ್ಳಿ ಸಾರ್. ಗಿಟ್ಟಿ 6 ಅಂದ್ರೆ ಬಿಟ್ಟೂ 6. ಮುಗೀತು" ಎಂದ. ಇಷ್ಟು ಬೇಗ ಮುಗಿಯುವ ಯಾವುದೂ ರಾಯರಿಗೆ ಒಗ್ಗುವುದಿಲ್ಲ. ಇರುವುದರಲ್ಲೇ ಉತ್ತಮವಾದ್ದನ್ನು ಕೊಡು ಎಂದರು.

"ಮಿಷಿನ್ನು ಹ್ಯಾಮರಾ ಸಾರ್?"

"ಹ್ಯಾಮರೇ! ಇಪ್ಪತ್ತು ವೋಲ್ಟು!"

ಅವನು ಒಳಗಿಂದ 6 ಮಿಲಿಮೀಟರಿನ ದುಬಾರಿ ಬಿಟ್ಟೊಂದನ್ನು ತಂದುಕೊಟ್ಟ. ರಾಯರು ಅದರ ಮೊನೆಯನ್ನು ಕನ್ನಡಕ ಮೇಲೆತ್ತಿ, ಕೆಳಗಿಳಿಸಿ, ಬಿಸಿಲಿಗೆ ಹಿಡಿದು ಪರೀಕ್ಷಿಸಿದರು. ಬಾಲ ನೋಡಲಿಲ್ಲ.

ಭಾನುವಾರ ಹತ್ತು ಗಂಟೆಗೆ ಪರಿವಾರ ಸಮೇತ ಬಂದರು; ಪರಿವಾರ ಎಂದರೆ ಡ್ರಿಲ್ಲು, ಪೆಟ್ಟಿಗೆ, ರಸಮಟ್ಟ, ಪೆನ್ಸಿಲ್ಲು, ಹಳೆಯ ಪೇಪರು. ಅಮ್ಮ ಕಾಫಿ ಕೊಟ್ಟಳು. ಗುರುತು ಹಾಕಿದ್ದಾಯಿತು. ಬಿಟ್ಟು ಹಾಕಲು ಹೋದರೆ ಡ್ರಿಲ್ಲಿಗೂ ಅದಕ್ಕೂ ಸರಿಬರಲೊಲ್ಲದು. ಎಷ್ಟು ಬಿಗಿದರೂ ಕುಡಿದವನ ಕುತ್ತಿಗೆಯಂತೆ ಓಲಾಡುತ್ತದೆ. ಅಂಗಡಿಯವನು ಕೇಳಿದ್ದ ಹ್ಯಾಮರು ಬೇರೆ. ಅದು ಕಟ್ಟಡದ ಕೆಲಸದವರು ಹಿಡಿಯುವ ರೋಟರಿ ಹ್ಯಾಮರು. ಅದಕ್ಕೆ ಎಸ್‌ಡಿಎಸ್ ಎಂಬ ಬಾಲದ ಬಿಟ್ಟು ಬೇಕು. 10 ಮಿಲಿಮೀಟರ್ ದಪ್ಪದ ಆ ಬಾಲದಲ್ಲಿ ಉದ್ದುದ್ದ ತೋಡುಗಳಿರುತ್ತವೆ, ಆ ಯಂತ್ರದ ಬಾಯಿ ಅವನ್ನೇ ಕಚ್ಚಿ ಹಿಡಿಯುತ್ತದೆ. ರಾಯರದು ಮೂರು ದವಡೆಯ ಚಕ್ಕು. ಅದಕ್ಕೆ ನುಣ್ಣನೆಯ ದುಂಡು ಬಾಲ ಬೇಕು, ಇಲ್ಲವೇ ಆರು ಮೂಲೆಯ ಕಾಲು ಇಂಚಿನದು. ಹೆಸರು ಒಂದೇ ಎಂದು ಒಂದೇ ಮನೆತನ ಅಂದುಕೊಂಡದ್ದು ತಪ್ಪಾಯಿತು. ಜೀವಮಾನವೆಲ್ಲ ಗೋತ್ರ ಕೇಳಿದ ಮನುಷ್ಯ, ಈ ಒಂದು ಸಂಬಂಧದಲ್ಲಿ ಕೇಳಿರಲಿಲ್ಲ.

"ಇರಲಿ, ಕಾಲು ಇಂಚು ಅಂದರೂ ಆರು ಅಂದರೂ ಒಂದೇ" ಎನ್ನುತ್ತ ಅಮೆರಿಕದ ಪೆಟ್ಟಿಗೆಗೇ ಕೈ ಹಾಕಿದರು. ಬಸ್ಸಿನ ಪಾಠದ ಪ್ರಕಾರ ಒಂದಲ್ಲ, ಆದರೆ ನಾನು ಸುಮ್ಮನಿದ್ದೆ. ಡ್ರಿಲ್ಲು ಗುಡುಗಿತು. ಐದು ನಿಮಿಷವಾದರೂ ಗೋಡೆಯಲ್ಲಿ ಬೊಟ್ಟಿಟ್ಟಷ್ಟೇ ಗುರುತು. ರಾಯರು ಬೆವರು ಒರೆಸಿಕೊಂಡು, ನನ್ನ ಧೈರ್ಯಕ್ಕೆಂದು 1971ರ ಕಥೆ ತೆಗೆದರು. ಅಪೊಲೊ 15ರಲ್ಲಿ ಚಂದ್ರನ ಮೇಲೆ ಇಳಿದ ಡೇವಿಡ್ ಸ್ಕಾಟ್ ಕೈಯಲ್ಲೂ ಬ್ಯಾಟರಿ ಡ್ರಿಲ್ಲೇ ಇತ್ತು. ಕೊರೆಯುವ ಕೋಲಿನ ಸುರುಳಿ ತೋಡು ಜೋಡಣೆಗಳ ಹತ್ತಿರ ಸಾಲದೆ ಬಂತು, ಪುಡಿ ಮೇಲಕ್ಕೆ ಬರಲಿಲ್ಲ, ಬೇಕಾದಷ್ಟು ಆಳ ಇಳಿಯಲಿಲ್ಲ. ಇನ್ನೊಂದು ಕಡೆ ಮಣ್ಣಿನ ಮಾದರಿಗೆಂದು ಇಳಿಸಿದ ಕೊಳವೆ ಕಚ್ಚಿಕೊಂಡು, ಅದನ್ನು ಕೀಳಲು ಸ್ಕಾಟೂ ಜೊತೆಗಾರನೂ ಇಬ್ಬರೂ ಹೆಗಲು ಕೊಡಬೇಕಾಯಿತು. "ಅಷ್ಟು ದೂರ ಹೋಗೋರು ಹೊರಡೋ ಮುಂಚೆ ಬಿಟ್ಟು ನೋಡ್ಕೋಬಾರದಾ?" ಎಂದರು ರಾಯರು.

ಅಮ್ಮ ಲೋಟ ಎತ್ತಿಕೊಳ್ಳುತ್ತ, "ರಾಯರೇ, ಅದು ಸ್ಕ್ರೂ ಬಿಚ್ಚೋ ಕಡೆಗೆ ತಿರುಗ್ತಾ ಇದೆಯಲ್ಲ?" ಎಂದಳು.

ರಾಯರು ಯಾರನ್ನೂ ನೋಡದೆ ಗುಂಡಿ ಆಚೆಗೊತ್ತಿದರು. ಅರ್ಧ ನಿಮಿಷದಲ್ಲಿ ತೂತು ಬಿತ್ತು. ನಡುನಡುವೆ ಹೊರಗೆಳೆದು ಪುಡಿ ಉದುರಿಸಿದ್ದನ್ನು ಮಾತ್ರ ಮೆಚ್ಚಬೇಕು, ಸ್ಕಾಟ್ ಸಾಹೇಬರಿಗೆ ಅದು ಆಗಿರಲಿಲ್ಲ.

ಕಾಲು ಇಂಚು ಅಂದರೆ 6.35 ಮಿಲಿಮೀಟರು. ಗಿಟ್ಟಿ ತೂತಿನೊಳಗೆ ಸ್ಕ್ರೂ ಜೊತೆಗೇ ತಿರುಗತೊಡಗಿತು. ಎರಡು ಬೆಂಕಿಕಡ್ಡಿ ತುರುಕಿದರೆ ನಿಲ್ಲುತ್ತದೆ, ಊರಿನಲ್ಲೆಲ್ಲ ಹಾಗೇ ಮಾಡುತ್ತಾರೆ ಎಂದೆ. ವೋಚರಿಲ್ಲದ ಬಿಲ್ಲನ್ನು ಮುಂದಿಟ್ಟವನನ್ನು ನೋಡುವಂತೆ ನನ್ನನ್ನು ನೋಡಿದರು. ಪೆಟ್ಟಿಗೆಯಲ್ಲಿ 5/16 ಇಂಚಿನದಿತ್ತು, ಹತ್ತಿರ ಹತ್ತಿರ 8 ಮಿಲಿಮೀಟರು. ಅದರಲ್ಲಿ ತೂತು ಹಿಗ್ಗಿಸಿ, ನನ್ನನ್ನು ಓಡಿಸಿ 8ರ ಗಿಟ್ಟಿ ತರಿಸಿ, ಅದಕ್ಕೆ ತಕ್ಕ ದಪ್ಪ ಸ್ಕ್ರೂ ಬಿಗಿದರು. ನೇತಾಡಿದರೂ ಅಲುಗುವುದಿಲ್ಲ, ಅಂಥ ಸ್ಕ್ರೂ. "ಎತ್ತಿಕೊಡಿ ಗಡಿಯಾರ" ಎಂದರು.

ಗಡಿಯಾರದ ಬೆನ್ನಿನ ಕಿಂಡಿ ಹೆಸರುಕಾಳು ಹಿಡಿಸುವಷ್ಟು. ಸ್ಕ್ರೂ ತಲೆ ಬಟಾಣಿಯಷ್ಟು.

ರಾಯರು ಸ್ವಲ್ಪ ಹೊತ್ತು ಯೋಚಿಸಿ, ಗಡಿಯಾರವನ್ನು ತಿರುಗಿಸಿ ತಿರುಗಿಸಿ ನೋಡಿ, "ಕೂಡೋದಿಲ್ಲ ಇವರೇ" ಎಂದು ತೀರ್ಪು ಕೊಟ್ಟರು. ಈಗ ಎರಡು ತಿಂಗಳಿಂದ ಆ ಸ್ಕ್ರೂಗೆ ಹೊಂದುವ ಗಡಿಯಾರ ಹುಡುಕುತ್ತಿದ್ದಾರೆ. ಮೂರು ಬಂದಿದ್ದವು, ಒಂದೂ ಪಾಸಾಗಲಿಲ್ಲ. ಸದ್ಯಕ್ಕೆ ಅಲ್ಲಿ ನನ್ನ ಕೊಡೆ ನೇತಾಡುತ್ತಿದೆ.